ಫ್ಲೆಕ್ಸಿನಲ್ಲಿ ಮಕ್ಕಳ ಮುಖವಿದೆ, ಕಲಿಕೆ ಎಲ್ಲಿದೆ?

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ವಾರದಲ್ಲಿ ಯಾವ ತಾಲ್ಲೂಕು ಕೇಂದ್ರಕ್ಕೆ ಹೋದರೂ ಬಸ್ ನಿಲ್ದಾಣದ ಎದುರು ಒಂದೇ ಬಗೆಯ ಫ್ಲೆಕ್ಸ್ ಕಣ್ಣಿಗೆ ಬೀಳುತ್ತದೆ. ಮೇಲೆ ಸಂಸ್ಥೆಯ ಅಧ್ಯಕ್ಷರ ದೊಡ್ಡ ಭಾವಚಿತ್ರ. ಅದರ ಕೆಳಗೆ ಪಾಸ್‌ಪೋರ್ಟ್ ಅಳತೆಯಲ್ಲಿ ಹತ್ತಿಪ್ಪತ್ತು ಮಕ್ಕಳ ಮುಖ, ಪ್ರತಿ ಮುಖದಡಿ ಕೆಂಪಕ್ಷರದಲ್ಲಿ 621, 618, 615. ಎಲ್ಲಕ್ಕೂ ಕೆಳಗೆ ‘ದಾಖಲಾತಿ ಪ್ರಾರಂಭವಾಗಿದೆ’ ಎಂಬ ಸಾಲು, ಪಕ್ಕದಲ್ಲಿ ಮೊಬೈಲ್ ನಂಬರು. ಅದರಲ್ಲಿ ಕಾಣುವ ಒಬ್ಬ ಹುಡುಗಿಗೆ ಯಾವ ವಿಷಯ ಇಷ್ಟ, ಅವಳಿಗೆ ಗಣಿತ ಕಲಿಸಿದವರು ಯಾರು, ಎಂಟನೇ ತರಗತಿಯಲ್ಲಿ ಅವಳು ಎಲ್ಲಿದ್ದಳು, ಎರಡು ವರ್ಷದಲ್ಲಿ ಎಲ್ಲಿಗೆ ಬಂದಳು ಎಂಬುದರ ಬಗ್ಗೆ ಒಂದಕ್ಷರವೂ ಇರುವುದಿಲ್ಲ. ಇದಕ್ಕೆ ನಾವು ಮಕ್ಕಳ ಸಾಧನೆಯ ಸಂಭ್ರಮ ಎಂಬ ಹೆಸರಿಟ್ಟಿದ್ದೇವೆ. ಹದಿನಾರು ತುಂಬದ ಮಕ್ಕಳ ಮುಖವನ್ನು ಬಂಡವಾಳ ಮಾಡಿಕೊಂಡ ವ್ಯಾಪಾರಕ್ಕೆ ಆ ಹೆಸರು ಸಲ್ಲದು.

ಈ ಪಿಡುಗಿಗೆ ಮದ್ದೆಂದು ಕೆಲವರು ಸೂಚಿಸುವುದು ರ‍್ಯಾಂಕು, ಟಾಪರ್ ಪಟ್ಟಿಗಳನ್ನೇ ನಿಲ್ಲಿಸುವುದನ್ನು. ತಮಿಳುನಾಡು 2017ರಲ್ಲಿ ರ‍್ಯಾಂಕ್ ಪ್ರಕಟಣೆ ಕೈಬಿಟ್ಟಿತು. ಅನಾರೋಗ್ಯಕರ ಪೈಪೋಟಿ ಬೇಡವೆಂದು ಸಿಬಿಎಸ್‌ಇ 2023ರಲ್ಲಿ ಮೆರಿಟ್ ಪಟ್ಟಿ ಕೊಡಲಿಲ್ಲ, ಐಸಿಎಸ್‌ಇ ನಡೆಸುವ ಮಂಡಳಿಯೂ 2024ರಲ್ಲಿ ಅದೇ ದಾರಿ ಹಿಡಿಯಿತು. ಕಾಳಜಿ ನಿಜವಾದದ್ದು. ಫಲಿತಾಂಶದ ದಿನ ಮಕ್ಕಳು ಜೀವ ಕಳೆದುಕೊಂಡ ಸುದ್ದಿ ಪ್ರತಿವರ್ಷ ಓದುವ ರಾಜ್ಯದಲ್ಲಿ ಅದನ್ನು ಯಾರೂ ಹಗುರವಾಗಿ ತಳ್ಳಿಹಾಕಬಾರದು. ಆದರೆ ಮದ್ದು ತಪ್ಪು. ಮಂಡಳಿ ಪಟ್ಟಿ ನಿಲ್ಲಿಸಿದ ಮೇಲೆ ಸಿಬಿಎಸ್‌ಇ ಶಾಲೆಗಳ ಫ್ಲೆಕ್ಸುಗಳೇನೂ ಕೆಳಗಿಳಿದಿಲ್ಲ. ಶಾಲೆಗಳು ತಮ್ಮ ಪಟ್ಟಿಯನ್ನು ತಾವೇ ಮಾಡಿಕೊಳ್ಳುತ್ತವೆ. ಕರ್ನಾಟಕದ 2024ರ ಎಸ್ಸೆಸ್ಸೆಲ್ಸಿ ಫಲಿತಾಂಶವನ್ನೇ ನೋಡಿ. ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಬಂದ ಆ ವರ್ಷ, ಹೆಚ್ಚುವರಿ ಕೃಪಾಂಕ ಕೊಟ್ಟ ಮೇಲೂ ಉತ್ತೀರ್ಣರ ಪ್ರಮಾಣ ಶೇ 83.89ರಿಂದ ಶೇ 73.40ಕ್ಕೆ ಕುಸಿಯಿತು. ಅಷ್ಟು ಬಿಗಿಯಾದ ಪರೀಕ್ಷೆಯಲ್ಲಿ 625ಕ್ಕೆ 625 ತೆಗೆದ ಒಬ್ಬಳೇ ಒಬ್ಬಳು ಬಾಗಲಕೋಟೆ ಜಿಲ್ಲೆಯ ಮೊರಾರ್ಜಿ ದೇಸಾಯಿ ವಸತಿ ಶಾಲೆಯ ಹುಡುಗಿ. ಸರ್ಕಾರಿ ವಸತಿ ಶಾಲೆಗೆ ಜಾಹೀರಾತಿನ ಖರ್ಚು ಭರಿಸುವವರು ಯಾರೂ ಇಲ್ಲ. ಮಂಡಳಿ ಬಾಯಿಬಿಟ್ಟು ಹೇಳಿದ್ದರಿಂದಲೇ ಅವಳ ಸಾಧನೆ ನಾಡಿಗೆ ತಿಳಿಯಿತು. ಸಾರ್ವಜನಿಕ ಪಟ್ಟಿ ಇಲ್ಲವಾದರೆ ದುಡ್ಡಿದ್ದವರ ಪಟ್ಟಿ ಮಾತ್ರ ಉಳಿಯುತ್ತದೆ, ಇಂಥ ಹುಡುಗಿಯರು ಕಾಣದೇ ಹೋಗುತ್ತಾರೆ.

ಸ್ಪರ್ಧಾ ಪರೀಕ್ಷೆಗಳ ಕಥೆ ಇನ್ನೂ ಗೋಜಲು. ಮುಂಬೈಯ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರದ ಮೇಲ್ವಿಚಾರಣೆಯಲ್ಲಿ ಹಲವು ಹಂತ ದಾಟಿ ಅಂತರರಾಷ್ಟ್ರೀಯ ಗಣಿತ ಒಲಿಂಪಿಯಾಡಿಗೆ ದೇಶದಿಂದ ಹೋಗುವವರು ಆರೇ ಮಂದಿ. ಅಲ್ಲಿ ಎರಡು ದಿನ, ದಿನಕ್ಕೆ ನಾಲ್ಕೂವರೆ ಗಂಟೆ, ಒಟ್ಟು ಆರೇ ಲೆಕ್ಕ. ಒಂದೊಂದು ಲೆಕ್ಕಕ್ಕೆ ಏಳಂಕ. ಉತ್ತರ ಸರಿಯಿದ್ದರೆ ಸಾಲದು, ಅದು ಯಾಕೆ ಸರಿ ಎಂಬುದನ್ನು ಸಾಧಿಸಿ ತೋರಿಸಬೇಕು. 2024ರಲ್ಲಿ ಇಂಗ್ಲೆಂಡಿನ ಬಾತ್ ನಗರದಲ್ಲಿ ನಮ್ಮ ತಂಡ ನಾಲ್ಕು ಚಿನ್ನ ಗೆದ್ದು ನಾಲ್ಕನೇ ಸ್ಥಾನ ಪಡೆಯಿತು. ಭಾರತದ ಮಟ್ಟಿಗೆ ಅದು ದೊಡ್ಡ ಗೆಲುವು. ಇನ್ನೊಂದೆಡೆ ಖಾಸಗಿ ಕಂಪನಿಗಳು ಶುಲ್ಕ ಕಟ್ಟಿಸಿಕೊಂಡು ನಡೆಸುವ ಬಹುಆಯ್ಕೆ ಪರೀಕ್ಷೆಗಳಿಗೂ ಒಲಿಂಪಿಯಾಡ್ ಎಂದೇ ಹೆಸರು. ಅಲ್ಲಿ ಶಾಲೆಯೊಳಗೇ ತರಗತಿವಾರು ಚಿನ್ನದ ಪದಕ ಹಂಚುತ್ತಾರೆ. ಗೇಟಿನ ಬ್ಯಾನರಿನಲ್ಲಿ ಎರಡೂ ‘ಒಲಿಂಪಿಯಾಡ್ ಚಿನ್ನ’ವೇ. ಮಗುವಿನ ಉತ್ಸಾಹ ಹೆಚ್ಚಲೆಂದು ಕೊಟ್ಟ ಪದಕವನ್ನು ಕೀಳಾಗಿ ಕಾಣಬೇಕಿಲ್ಲ. ಆದರೆ ಅದು ಯಾವ ಪದಕ ಎಂಬುದನ್ನು ಪೋಷಕರಿಂದ ಮುಚ್ಚಿಡುವುದು ವಂಚನೆ, ನಿಜಕ್ಕೂ ಬೆವರು ಸುರಿಸಿದ ಮಕ್ಕಳಿಗೆ ಬಗೆಯುವ ಅನ್ಯಾಯ.

‘ಮಕ್ಕಳಿಗೂ ಹೆತ್ತವರಿಗೂ ಫ್ಲೆಕ್ಸಿನಲ್ಲಿ ಫೋಟೊ ಬಂದರೆ ಖುಷಿಯೇ, ನಿಮಗೇನು ತೊಂದರೆ’ ಎಂದು ಶಾಲೆಗಳವರು ಕೇಳುತ್ತಾರೆ. ಖುಷಿಪಡುವವರು ಇದ್ದಾರೆ, ಒಪ್ಪೋಣ. ಆದರೆ ಅವರನ್ನು ಕೇಳಿದವರಾರು? ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2024ರ ನವೆಂಬರಿನಲ್ಲಿ ಕೋಚಿಂಗ್ ಕೇಂದ್ರಗಳಿಗೆ ಹೊರಡಿಸಿದ ಮಾರ್ಗಸೂಚಿ ಈ ವಿಷಯದಲ್ಲಿ ನೇರವಾಗಿದೆ: ಅಭ್ಯರ್ಥಿಯ ಹೆಸರು, ಫೋಟೊ ಬಳಸಬೇಕಾದರೆ ಆತ ಆಯ್ಕೆಯಾದ ಮೇಲೆ ಲಿಖಿತ ಒಪ್ಪಿಗೆ ಪಡೆಯಬೇಕು, ಆತ ತಮ್ಮಲ್ಲಿ ಓದಿದ್ದು ಯಾವ ಕೋರ್ಸು, ಎಷ್ಟು ಕಾಲ ಎಂಬುದನ್ನು ಜಾಹೀರಾತಿನಲ್ಲೇ ತಿಳಿಸಬೇಕು. ಕೋಚಿಂಗಿಗೆ ಹೋಗುವವರಿಗೆ ಸಿಕ್ಕ ಈ ರಕ್ಷಣೆ ಶಾಲೆಗಳ ಫ್ಲೆಕ್ಸಿನಲ್ಲಿರುವ ಹತ್ತನೇ ತರಗತಿಯ ಮಕ್ಕಳಿಗೆ ಯಾಕಿಲ್ಲ? ಟಿಸಿಗಾಗಿ ಕಚೇರಿ ಮುಂದೆ ನಿಂತ ಪೋಷಕರು ಬಾಯಿತೆರೆದು ಬೇಡವೆನ್ನಲಾರರು. ಹಾಗಾಗಿ ಶಿಕ್ಷಣ ಇಲಾಖೆಯೇ ಇಂಥದೊಂದು ನಿಯಮವನ್ನು ಶಾಲೆಗಳಿಗೆ ಅನ್ವಯಿಸಬೇಕು. ಎಷ್ಟು ಮಕ್ಕಳು ಪರೀಕ್ಷೆಗೆ ಕೂತರು, ಒಂಬತ್ತನೇ ತರಗತಿಯಲ್ಲಿದ್ದವರ ಪೈಕಿ ಎಷ್ಟು ಮಂದಿಯನ್ನು ಹತ್ತಕ್ಕೆ ಮುನ್ನ ಹೊರಗೆ ಕಳಿಸಲಾಯಿತು ಎಂಬುದೂ ಅದೇ ಫ್ಲೆಕ್ಸಿನಲ್ಲಿ ಇರಲಿ.

ಶಾಲೆಗಳನ್ನಷ್ಟೇ ದೂರಿದರೆ ಅರ್ಧ ಮಾತಾಯಿತು. ಶಾಲು, ಹಾರ, ಲ್ಯಾಪ್‌ಟಾಪ್ ಕೊಟ್ಟು ಟಾಪರ್‌ಗಳ ಜೊತೆ ಫೋಟೊ ತೆಗೆಸಿಕೊಳ್ಳುವ ಸರ್ಕಾರಗಳು ಆ ವೇದಿಕೆಯಾಚೆ ಏನು ಮಾಡುತ್ತಿವೆ? 1963ರಲ್ಲಿ ಆರಂಭವಾದ ರಾಷ್ಟ್ರೀಯ ಪ್ರತಿಭಾ ಶೋಧ ಪರೀಕ್ಷೆ, ಎನ್‌ಟಿಎಸ್‌ಇ, ಹತ್ತನೇ ತರಗತಿಯ ಎರಡು ಸಾವಿರ ಮಕ್ಕಳಿಗೆ ಪಿಯುಸಿಯಿಂದ ಪಿಎಚ್‌ಡಿವರೆಗೆ ವಿದ್ಯಾರ್ಥಿವೇತನ ಕೊಡುತ್ತಿತ್ತು. ಯೋಜನೆಯ ಮಂಜೂರಾತಿ 2021ರ ಮಾರ್ಚಿಗೆ ಮುಗಿಯಿತು; ಆಮೇಲೆ ಪರೀಕ್ಷೆಯನ್ನೇ ತಡೆಹಿಡಿಯಲಾಯಿತು. ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಬಡಮಕ್ಕಳಿಗಾಗಿ ಎಂಟನೇ ತರಗತಿಯಲ್ಲಿ ನಡೆಯುವ ಎನ್‌ಎಂಎಂಎಸ್ ಪರೀಕ್ಷೆ ಇನ್ನೂ ಇದೆ. ಪಾಸಾದ ಮಗುವಿಗೆ ಒಂಬತ್ತರಿಂದ ದ್ವಿತೀಯ ಪಿಯುಸಿವರೆಗೆ ವರ್ಷಕ್ಕೆ 12,000 ರೂಪಾಯಿ ಸಿಗುತ್ತದೆ. ಕೂಲಿ ಮನೆಯ ಹುಡುಗಿಯೊಬ್ಬಳ ಓದು ಮುಂದುವರಿಯಲು ಈ ಹಣ ಸಾಕಾದೀತು. ಆದರೂ ಅದರಲ್ಲಿ ಆಯ್ಕೆಯಾದವರ ಹೆಸರು ಯಾವ ಊರಿನ ಬೋರ್ಡಿನಲ್ಲೂ ಕಾಣುವುದು ಅಪರೂಪ. ಮೆರವಣಿಗೆ ಮಾಡುವ ಉಮೇದು ಇರುವ ಗ್ರಾಮ ಪಂಚಾಯಿತಿಗಳು, ಹಳೆಯ ವಿದ್ಯಾರ್ಥಿ ಸಂಘಗಳು ಮೊದಲು ಆ ಪಟ್ಟಿ ತರಿಸಿಕೊಂಡು ಓದಲಿ, ಆ ಮಕ್ಕಳನ್ನು ತಯಾರು ಮಾಡಿದ ಶಿಕ್ಷಕರನ್ನು ವೇದಿಕೆಗೆ ಕರೆಯಲಿ. ನಿಂತುಹೋದ ಎನ್‌ಟಿಎಸ್‌ಇ ಮತ್ತೆ ಯಾವಾಗ ಎಂದು ನಮ್ಮ ಸಂಸದರು ಲೋಕಸಭೆಯಲ್ಲಿ ಎದ್ದುನಿಂತು ಕೇಳಲಿ.