ಶುಲ್ಕದಿಂದ ಬೆಳೆದ ನಿಧಿ ಮತ್ತು ಐದು ವರ್ಷಗಳ ಬಡ್ಡಿ

ಪದವೀಧರರ ಶೈಕ್ಷಣಿಕ ಸಾಲವನ್ನು ವಿಶ್ವವಿದ್ಯಾಲಯಗಳ ದತ್ತಿನಿಧಿಯಿಂದ, ಅಂದರೆ ಅಸಲನ್ನು ಮುಟ್ಟದೆ ಆದಾಯವನ್ನಷ್ಟೇ ಬಳಸಬೇಕೆಂಬ ಕಟ್ಟಳೆಯೊಡನೆ ಕೂಡಿಟ್ಟ ಹಣದಿಂದ, ತೀರಿಸಬೇಕೆಂಬುದು ಅಮೆರಿಕದಲ್ಲಿ ಆಗಾಗ ಕೇಳಿಬರುವ ಬೇಡಿಕೆ. ಅದನ್ನು ಕರ್ನಾಟಕಕ್ಕೆ ಹಾಗೆಯೇ ಅನ್ವಯಿಸಿದರೆ ಮೊದಲ ಲಾಭ ಸಲ್ಲುವುದು ಬ್ಯಾಂಕುಗಳಿಗೆ. ಇಲ್ಲಿ ತೀರಿಸಬೇಕಾದದ್ದು ಓದುವ ಕಾಲದಲ್ಲಿ ಬೆಳೆಯುವ ಬಡ್ಡಿಯನ್ನು ಮಾತ್ರ. ಅದನ್ನು ತೀರಿಸುವ ಹೊಣೆ ಮೊದಲು ಬೀಳಬೇಕಾದದ್ದು ವಿದ್ಯಾರ್ಥಿಗಳಿಂದಲೇ ಶುಲ್ಕವಾಗಿ ಬಂದು ಉಳಿದ ಹಣದ ಮೇಲೆ.

ಕೇಂದ್ರ ಸಚಿವ ಸಂಪುಟ 2024ರ ನವೆಂಬರ್ 6ರಂದು ಒಪ್ಪಿದ ಪಿಎಂ ವಿದ್ಯಾಲಕ್ಷ್ಮಿ ಯೋಜನೆ ಈ ಬಡ್ಡಿಯನ್ನು ಗುರುತಿಸಿತು, ಆದರೆ ಅರ್ಧಕ್ಕೂ ಮುನ್ನವೇ ನಿಂತಿತು. ಆರಂಭದಲ್ಲಿ 860 ಸಂಸ್ಥೆಗಳಿದ್ದ ಅದರ ಪಟ್ಟಿಗೆ ಸೇರಿದ ಕಡೆ ಓದುವವರಿಗೆ ಅಡಮಾನವಾಗಲಿ ಜಾಮೀನುದಾರರಾಗಲಿ ಇಲ್ಲದೆ ಸಾಲ ಸಿಗುತ್ತದೆ. ಕುಟುಂಬದ ವಾರ್ಷಿಕ ಆದಾಯ 8 ಲಕ್ಷ ರೂಪಾಯಿಯ ಒಳಗಿದ್ದರೆ, 10 ಲಕ್ಷದವರೆಗಿನ ಸಾಲಕ್ಕೆ, ಕಂತು ಕಟ್ಟಬೇಕಿಲ್ಲದ ಅವಧಿಯಲ್ಲಿ, ಬಡ್ಡಿದರದಲ್ಲಿ 3 ಶೇಕಡಾ ಅಂಶಗಳನ್ನು ಸರ್ಕಾರ ಭರಿಸುತ್ತದೆ. ರ‍್ಯಾಂಕಿಂಗ್ ಆಧಾರದ ಈ ಪಟ್ಟಿಯಲ್ಲಿ ಇಲ್ಲದ ಸಾಧಾರಣ ಎಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿಗೆ ಈ ಯೋಜನೆಯಡಿ ಅದೂ ಇಲ್ಲ, ಪೀಣ್ಯದ ಯಂತ್ರಾಗಾರಗಳಿಗೆ ಕೆಲಸಗಾರರನ್ನು ಕೊಡುವ ಐಟಿಐಗಳಂತೂ ಅದರ ಗಣನೆಯಲ್ಲೇ ಇಲ್ಲ.

ಕಂತು ಕಟ್ಟಬೇಕಿಲ್ಲದ ಈ ಅವಧಿಯ ಲೆಕ್ಕವನ್ನು ಯಾರೂ ಬಿಡಿಸಿ ನೋಡುವುದಿಲ್ಲ. ನಾಲ್ಕು ವರ್ಷಗಳ ಬಿ.ಇ. ಪದವಿಗೆ ವರ್ಷಾರಂಭದಲ್ಲಿ 2.5 ಲಕ್ಷದಂತೆ ಒಟ್ಟು 10 ಲಕ್ಷ ರೂಪಾಯಿ ಸಾಲ ಪಡೆದು, ಓದು ಮುಗಿದ ಮೇಲೆ ಇನ್ನೊಂದು ವರ್ಷದ ಬಿಡುವು ಸೇರಿಸಿದರೆ, ಶೇ 10ರ ಸರಳ ಬಡ್ಡಿಯಲ್ಲಿ ಮೊದಲ ಕಂತಿನ ಮೇಲೆ 1.25 ಲಕ್ಷ, ಎರಡನೆಯದರ ಮೇಲೆ 1 ಲಕ್ಷ, ಮೂರನೆಯದರ ಮೇಲೆ 75 ಸಾವಿರ, ಕೊನೆಯದರ ಮೇಲೆ 50 ಸಾವಿರ, ಒಟ್ಟು 3.5 ಲಕ್ಷ ರೂಪಾಯಿ ಬಡ್ಡಿ ಬೆಳೆದು ಅಸಲಿಗೆ ಸೇರಿಕೊಳ್ಳುತ್ತದೆ. ಎಲೆಕ್ಟ್ರಾನಿಕ್ ಸಿಟಿ ಮತ್ತು ವೈಟ್‌ಫೀಲ್ಡ್‌ನ ದೊಡ್ಡ ಸಾಫ್ಟ್‌ವೇರ್ ಸೇವಾ ಕಂಪನಿಗಳು ಹೊಸಬರಿಗೆ ಕೊಡುವ ವಾರ್ಷಿಕ ಸಂಬಳ ಒಂದು ದಶಕಕ್ಕೂ ಮೀರಿ ಸುಳಿದಾಡುತ್ತಿರುವುದು ಇದೇ 3.5 ಲಕ್ಷದ ಆಸುಪಾಸಿನಲ್ಲಿ. ಕಂತು ಕಟ್ಟಬೇಕಿಲ್ಲ ಎಂಬ ರಿಯಾಯಿತಿಯ ಬೆಲೆ, ಹಾಗಾದರೆ, ಒಂದು ಇಡೀ ವರ್ಷದ ದುಡಿಮೆ. ಹತ್ತು ವರ್ಷಗಳಲ್ಲಿ ತೀರಿಸುವುದಾದರೆ 10 ಲಕ್ಷಕ್ಕೆ ತಿಂಗಳ ಕಂತು ಸುಮಾರು 13,200 ರೂಪಾಯಿ, 13.5 ಲಕ್ಷಕ್ಕೆ ಸುಮಾರು 17,800. ಕಡಿತಗಳಿಗೆ ಮುನ್ನವೇ ತಿಂಗಳಿಗೆ ಸುಮಾರು 29 ಸಾವಿರವಷ್ಟೇ ಆಗುವ ಸಂಬಳದಲ್ಲಿ ಈ ಎರಡು ಮೊತ್ತಗಳ ನಡುವಿನ ಅಂತರ ಬೆಂಗಳೂರಿನ ಹೊರವರ್ತುಲ ರಸ್ತೆಯ ಪಿಜಿಯೊಂದರಲ್ಲಿ ಹಾಸಿಗೆ ಹಿಡಿಯಲು ಬೇಕಾಗುವ ಹಣದ ದೊಡ್ಡ ಪಾಲು. ವಿದ್ಯಾಲಕ್ಷ್ಮಿಯ ಶೇ 3 ಆ 3.5 ಲಕ್ಷದ ಬಡ್ಡಿಯಲ್ಲಿ 1.05 ಲಕ್ಷವನ್ನು ಕಳೆಯುತ್ತದೆ, ಉಳಿದ 2.45 ಲಕ್ಷ ಹಾಗೆಯೇ ನಿಲ್ಲುತ್ತದೆ.

ದತ್ತಿಯ ಮಾತು ಬಂದಾಗ ಬೆಂಗಳೂರಿನಲ್ಲಿ ಎಲ್ಲರ ಕಣ್ಣು ಹೋಗುವುದು ಸರ್ಜಾಪುರದ ಕಡೆಗೆ. ಅಜೀಂ ಪ್ರೇಮ್‌ಜಿ ಪ್ರತಿಷ್ಠಾನಕ್ಕೆ ಸಂದ ದತ್ತಿಯ ಮೌಲ್ಯ 2019ರ ಮಾರ್ಚ್‌ನಲ್ಲಿ 1.45 ಲಕ್ಷ ಕೋಟಿ ರೂಪಾಯಿ. ದೇಶದ ಬ್ಯಾಂಕುಗಳಲ್ಲಿ ಬಾಕಿಯಿದ್ದ ಶೈಕ್ಷಣಿಕ ಸಾಲ 2024ರ ಮಾರ್ಚ್‌ನಲ್ಲಿ ಸುಮಾರು 1.2 ಲಕ್ಷ ಕೋಟಿ. ಹೋಲಿಕೆ ಕಣ್ಣು ಕುಕ್ಕುವಂಥದ್ದೇ, ಆದರೆ ಅದರಿಂದ ಏನೂ ಸಿದ್ಧವಾಗುವುದಿಲ್ಲ. ಆ ಮೊತ್ತ ಬಹುಪಾಲು ವಿಪ್ರೊ ಷೇರುಗಳ ಮೌಲ್ಯ, ಪೆಟ್ಟಿಗೆಯಲ್ಲಿರುವ ನಗದಲ್ಲ. ಒಡೆತನ ಪ್ರತಿಷ್ಠಾನದ್ದು, ಅದರ ವಿಶ್ವವಿದ್ಯಾಲಯದ್ದಲ್ಲ. ಉದ್ದೇಶವನ್ನು ಗೊತ್ತುಮಾಡಿದವರು ದಾನಿ. ಭಾರತೀಯ ವಿಜ್ಞಾನ ಸಂಸ್ಥೆಗೆ 2022ರಲ್ಲಿ ಆಸ್ಪತ್ರೆಗೆಂದು ಬಂದ 425 ಕೋಟಿ ರೂಪಾಯಿಯನ್ನು ಯಾರದೋ ಸಾಲಕ್ಕೆ ತಿರುಗಿಸಿದರೆ ಮುಂದಿನ ದಾನಿ ಬರುವುದಿಲ್ಲ.

ನೋಡಬೇಕಾದ ದಾಖಲೆ ಬೇರೆಡೆ ಇದೆ. ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಆದಾಯ ತೆರಿಗೆ ವಿನಾಯಿತಿ ಕುರಿತು ಸುಪ್ರೀಂ ಕೋರ್ಟ್ 2016ರ ಏಪ್ರಿಲ್‌ನಲ್ಲಿ ಕೊಟ್ಟ ತೀರ್ಪನ್ನು ತೆರಿಗೆ ವಕೀಲರು ಓದಿದರು, ಶಿಕ್ಷಣದ ಬಗ್ಗೆ ಬರೆಯುವವರು ಓದಲಿಲ್ಲ. 1998ರಲ್ಲಿ ಆರಂಭವಾದ, ಹೊರವರ್ತುಲ ರಸ್ತೆಯ ಎಂಜಿನಿಯರುಗಳಲ್ಲಿ ಅಸಂಖ್ಯರಿಗೆ ಪದವಿ ಕೊಟ್ಟ ಈ ಸಂಸ್ಥೆಯ ಬಳಿ 1999ರಿಂದ 2010ರವರೆಗಿನ ಅವಧಿಯಲ್ಲಿ ಸುಮಾರು 500 ಕೋಟಿ ರೂಪಾಯಿ ಉಳಿಕೆ ಬೆಳೆದಿತ್ತೆಂದೂ, ವಿವಾದದ ಆರು ತೆರಿಗೆ ವರ್ಷಗಳಲ್ಲಿ ಸರ್ಕಾರದ ನೇರ ಅನುದಾನ ಒಟ್ಟು ಸ್ವೀಕೃತಿಯ ಶೇ 1ರಷ್ಟರ ಆಸುಪಾಸಿನಲ್ಲೇ ಇತ್ತೆಂದೂ ಆ ತೀರ್ಪಿನಲ್ಲಿದೆ. ವಿಶ್ವವಿದ್ಯಾಲಯ ಲಾಭಕ್ಕಾಗಿ ನಡೆಯುತ್ತಿಲ್ಲ ಎಂಬುದನ್ನು ನ್ಯಾಯಾಲಯ ಒಪ್ಪಿತು. ಕಾಯ್ದೆಯ ಬಲದಿಂದ ಎತ್ತುವ ಶುಲ್ಕವನ್ನು ಸರ್ಕಾರದ ಪರೋಕ್ಷ ನೆರವೆಂದು ಎಣಿಸಬೇಕೆಂಬ ವಾದವನ್ನು ಒಪ್ಪಲಿಲ್ಲ, ಆ ಕಾರಣಕ್ಕೆ ವಿನಾಯಿತಿ ಸಿಗಲಿಲ್ಲ.

ತೆರಿಗೆಯ ಗೋಜನ್ನು ಬದಿಗಿಟ್ಟರೆ ಉಳಿಯುವ ಅರ್ಥ ಇಷ್ಟು: ಕರ್ನಾಟಕದ ಅತಿದೊಡ್ಡ ತಾಂತ್ರಿಕ ವಿಶ್ವವಿದ್ಯಾಲಯದ ಉಳಿಕೆ ದಾನಿಯಿಂದಲೂ ಬಂದದ್ದಲ್ಲ, ಖಜಾನೆಯಿಂದಲೂ ಬಂದದ್ದಲ್ಲ, ಪರೀಕ್ಷಾ ಶುಲ್ಕ, ನೋಂದಣಿ ಶುಲ್ಕ, ಕಾಲೇಜುಗಳ ಸಂಯೋಜನಾ ಶುಲ್ಕ ಎಂಬ ಹೆಸರುಗಳಲ್ಲಿ ವಿದ್ಯಾರ್ಥಿಗಳು ನೇರವಾಗಿಯೋ ಕಾಲೇಜಿನ ಮೂಲಕವೋ ಕಟ್ಟಿದ್ದು, ಅವರಲ್ಲಿ ಹಲವರು ಸಾಲ ತಂದು ಕಟ್ಟಿದ್ದು. ಇಂಥ ಹಣವನ್ನು ದತ್ತಿ ಎಂದು ಕರೆದು ಮುಟ್ಟಬಾರದೆನ್ನುವುದು ವಿಚಿತ್ರ. ಕಟ್ಟಡ ಮತ್ತು ಪ್ರಯೋಗಾಲಯಗಳಿಗೆ ಅದು ಬೇಕೆಂಬ ವಾದದಲ್ಲಿ ಹುರುಳಿಲ್ಲವೆಂದಲ್ಲ, ಆದರೆ ಕಟ್ಟಡಗಳು ಮುಂದಿನ ಪೀಳಿಗೆಗೆ ಸೇರುತ್ತವೆ, ಶುಲ್ಕ ಕಟ್ಟಿದವರ ಬಡ್ಡಿ ಅವರ ಬೆನ್ನ ಮೇಲೆಯೇ ಉಳಿಯುತ್ತದೆ.

ಸಾಲವನ್ನೇ ಪೂರ್ತಿ ತೀರಿಸಿದರೇನು ಎಂಬ ಪ್ರಶ್ನೆಗೆ ಲೆಕ್ಕವೇ ಉತ್ತರ. 100 ಕೋಟಿ ರೂಪಾಯಿಯ ನಿಧಿ ಶೇ 7ರಂತೆ ವರ್ಷಕ್ಕೆ 7 ಕೋಟಿ ತಂದರೆ, 13.5 ಲಕ್ಷದ ಸಾಲಗಳನ್ನು ತೀರಿಸಹೊರಟಾಗ ಪ್ರತಿ ವರ್ಷ ಹೊರಬರುವ ಪದವೀಧರರಲ್ಲಿ 51 ಮಂದಿಗೆ ಮುಗಿಯುತ್ತದೆ. ಬಡ್ಡಿಯನ್ನಷ್ಟೇ ಭರಿಸಿದರೆ 200 ಮಂದಿಗೆ, ವಿದ್ಯಾಲಕ್ಷ್ಮಿ ಬಿಟ್ಟ ಭಾಗವನ್ನಷ್ಟೇ ತುಂಬಿದರೆ 285 ಮಂದಿಗೆ ತಲುಪುತ್ತದೆ. ಅಸಲು ವಿದ್ಯಾರ್ಥಿಯದೇ ಆಗಿ ಉಳಿಯುವುದರಿಂದ, ಹೇಗೂ ನಿಧಿ ತೀರಿಸುತ್ತದೆಂದು ಕಾಲೇಜುಗಳು ಶುಲ್ಕ ಏರಿಸುವ ಅಪಾಯವೂ ಕಡಿಮೆ. ಸಿಇಟಿ ಮೂಲಕ ಸೀಟು ಪಡೆದ ಹಿಂದುಳಿದ ವರ್ಗಗಳ ವಿದ್ಯಾರ್ಥಿಗಳಿಗೆ ದೇವರಾಜ ಅರಸು ನಿಗಮದ ‘ಅರಿವು’ ಯೋಜನೆ ಶೇ 2ರ ಬಡ್ಡಿಯಲ್ಲಿ ಸಾಲ ಕೊಡುತ್ತಿರುವಾಗ, ಶೇ 10ನ್ನು ಇಳಿಸುವುದು ಅಸಾಧ್ಯವೆಂದು ರಾಜ್ಯ ಸರ್ಕಾರ ಹೇಳುವಂತಿಲ್ಲ.

ಬಡ್ಡಿ ಭರಿಸುವುದರ ಜೊತೆಗೆ ನಿಧಿಯೇ ಸಾಲ ಕೊಡುವ ದಾರಿಯೂ ಉಂಟು, ಅದು ಹೊಸದೇನಲ್ಲ. ಜೆ.ಎನ್. ಟಾಟಾ 1892ರಲ್ಲಿ ಸ್ಥಾಪಿಸಿದ ದತ್ತಿ ವಿದೇಶದಲ್ಲಿ ಓದುವವರಿಗೆ ಕೊಟ್ಟದ್ದು ಸಾಲರೂಪದ ವಿದ್ಯಾರ್ಥಿವೇತನ, ಅಂದರೆ ದುಡಿಮೆ ಆರಂಭವಾದ ಮೇಲೆ ಹಿಂದಿರುಗಿಸಬೇಕಾದ, ಹಿಂದಿರುಗಿ ಮತ್ತೊಬ್ಬರಿಗೆ ಸಲ್ಲುವ ಹಣ. ತುಮಕೂರು ಜಿಲ್ಲೆಯಲ್ಲಿ ಹುಟ್ಟಿದ ಅಣುವಿಜ್ಞಾನಿ ರಾಜಾ ರಾಮಣ್ಣ ಲಂಡನ್ನಿಗೆ ಹೋದದ್ದು ಅದೇ ದತ್ತಿಯ ವಿದ್ವಾಂಸರಾಗಿ. ಧರ್ಮದತ್ತಿಯೊಂದು ಹೀಗೆ ಉನ್ನತ ಶಿಕ್ಷಣಕ್ಕೆ ಕೊಟ್ಟ ಸಾಲವನ್ನು ಅದರ ಆದಾಯದ ವಿನಿಯೋಗವೆಂದೂ, ಹಿಂದಿರುಗಿದ ಮೊತ್ತವನ್ನು ಆ ವರ್ಷದ ಆದಾಯವೆಂದೂ ಎಣಿಸಬೇಕೆಂದು ನೇರ ತೆರಿಗೆ ಮಂಡಳಿ 1973ರ ಜನವರಿಯ 100ನೇ ಸುತ್ತೋಲೆಯಲ್ಲೇ ಸ್ಪಷ್ಟಪಡಿಸಿತ್ತು. ಬೆಳಗಾವಿಯ ವಿಶ್ವವಿದ್ಯಾಲಯ ಮಾಡಬೇಕಾದ ಮೊದಲ ಕೆಲಸ ಇದಕ್ಕಿಂತಲೂ ಸರಳ: ವರ್ಷಾಂತ್ಯಕ್ಕೆ ಬ್ಯಾಂಕು ಕೊಡುವ ಬಡ್ಡಿ ಪ್ರಮಾಣಪತ್ರವನ್ನು ವಿದ್ಯಾರ್ಥಿಯಿಂದ ಪಡೆದು, ಅಷ್ಟು ಮೊತ್ತವನ್ನು ಅವರ ಕೈಗಲ್ಲ, ಸಾಲದ ಖಾತೆಗೆ ಜಮಾ ಮಾಡುವುದು, ಆರಂಭಕ್ಕೆ 8 ಲಕ್ಷದೊಳಗಿನ ಆದಾಯದ, ವಿದ್ಯಾಲಕ್ಷ್ಮಿಯ ಪಟ್ಟಿಯಿಂದ ಹೊರಗುಳಿದ ಕಾಲೇಜುಗಳ ವಿದ್ಯಾರ್ಥಿಗಳಿಗೆ.