ಉಪ್ಪಿಗೆ ಹೆದರುವ ಪೊಟ್ಟಣ

ಎಣ್ಣೆ, ನೀರು ಎಷ್ಟು ಕಲಕಿದರೂ ಬೇರೆಯಾಗಿಬಿಡುತ್ತವೆ. ಆದರೆ ಹಾಗೆ ಕೂಡಿಬಾಳದ ಎರಡು ಪಾಲಿಮರ್ ಸರಪಣಿಗಳನ್ನು ತುದಿಗೆ ತುದಿ ಬೆಸೆದುಬಿಟ್ಟರೆ? ದೂರ ಹೋಗುವಂತಿಲ್ಲ. ತಮ್ಮಂಥವರೊಡನೆ ಗುಂಪುಗೂಡಿ, ಕಣ್ಣಿಗೆ ಕಾಣದಷ್ಟು ಸಣ್ಣ ಉಂಡೆಗಳಾಗುತ್ತವೆ. ಇವೇ ಬ್ಲಾಕ್ ಕೋಪಾಲಿಮರ್‌ಗಳು.

ಸರಪಣಿಯ ಒಂದು ಭಾಗಕ್ಕೆ ವಿದ್ಯುದಾವೇಶವಿದ್ದರೆ ಆಟವೇ ಬೇರೆ. 1995ರಲ್ಲಿ ಜಪಾನಿನ ಹರಾದ ಮತ್ತು ಕತಾವೋಕ ಎಂಬ ವಿಜ್ಞಾನಿಗಳು ಧನ ಆವೇಶದ ಸರಪಣಿಯನ್ನೂ ಋಣ ಆವೇಶದ್ದನ್ನೂ ನೀರಿನಲ್ಲಿ ಬೆರೆಸಿದರು. ಆವೇಶವಿದ್ದ ಭಾಗಗಳು ಒಂದನ್ನೊಂದು ಸೆಳೆದು ಒಳಗೆ ಸೇರಿದವು. ನೀರಿಗೆ ಒಗ್ಗುವ ಆವೇಶರಹಿತ ಭಾಗ ಹೊರಗೆ ಉಳಿಯಿತು. ಸುಮಾರು 30 ನ್ಯಾನೋಮೀಟರಿನ ಪೊಟ್ಟಣ ತಾನಾಗಿಯೇ ಸಿದ್ಧ! ಉದ್ದ ಬೇರೆ ಬೇರೆಯಾದ ಸರಪಣಿಗಳನ್ನು ಬೆರೆಸಿದಾಗ ಸಮಾನ ಉದ್ದದವೇ ಹುಡುಕಿಕೊಂಡು ಜೋಡಿಯಾದವೆಂದು ಅವರೇ 1999ರಲ್ಲಿ ತೋರಿಸಿದರು. ಮದುವೆ ದಲ್ಲಾಳಿಗಳಿಗೂ ಇಷ್ಟು ಸಲೀಸಲ್ಲ.

ಡಿ.ಎನ್.ಎ.ಗೆ ಋಣ ಆವೇಶವಿದೆ. ಆದ್ದರಿಂದ ಧನ ಆವೇಶದ ಸರಪಣಿ ಅದನ್ನು ಮಡಚಿ ಒಳಗಿಟ್ಟುಕೊಳ್ಳುತ್ತದೆ. ಜೀನ್ ಚಿಕಿತ್ಸೆಗೆ ಇದು ಒಳ್ಳೆಯ ಲಕೋಟೆಯೇ. ತೊಂದರೆಯೆಂದರೆ, ಕಣ್ಣೀರಿನಂತೆ ರಕ್ತವೂ ಉಪ್ಪು. ಉಪ್ಪಿನ ಅಯಾನುಗಳು ನಡುವೆ ನುಸುಳಿ ಸೆಳೆತವನ್ನು ಸಡಿಲಿಸುತ್ತವೆ. ಪೊಟ್ಟಣ ರೋಗದ ಜಾಗ ತಲಪುವ ಮೊದಲೇ ಬಿಚ್ಚಿಕೊಳ್ಳಬಹುದು. ಅದಕ್ಕೇ ಸಂಶೋಧಕರು ಒಳಗಿನ ಸರಪಣಿಗಳ ನಡುವೆ ಗಂಧಕದ ಕೊಂಡಿ ಹಾಕುತ್ತಾರೆ. ರಕ್ತದಲ್ಲಿ ಆ ಕೊಂಡಿ ಹೆಚ್ಚುಮಟ್ಟಿಗೆ ಗಟ್ಟಿ, ಜೀವಕೋಶದೊಳಗೆ ಹೋದೊಡನೆ ಕಳಚಿಕೊಳ್ಳುತ್ತದೆ.