ಅಂಬಾಸಿಡರಿನ ಬೋಲ್ಟು ಎಲ್ಲಿ ಸಿಕ್ಕೀತು?

ಅಜ್ಜನ ಕಾಲದ ಅಂಬಾಸಿಡರ್ ಕಾರೊಂದು ಟಾರ್ಪಾಲು ಹೊದ್ದು ಶೆಡ್ಡಿನಲ್ಲಿ ಕೂತಿದ್ದರೆ ಆ ಮನೆಯಲ್ಲಿ ಎರಡು ಪಕ್ಷಗಳು ಹುಟ್ಟಿಕೊಳ್ಳುತ್ತವೆ. ಡಿಪ್ಲೊಮಾವನ್ನೋ ಇಂಜಿನಿಯರಿಂಗನ್ನೋ ಓದುತ್ತಿರುವ ಮಗನಿಗೆ ಅಥವಾ ಮಗಳಿಗೆ ಅದನ್ನು ಮತ್ತೆ ರಸ್ತೆಗಿಳಿಸುವ ಹಂಬಲ. ‘ಗುಜರಿಯವನಿಗೆ ಕೊಟ್ಟರೆ ಜಾಗವಾದರೂ ಆದೀತು’ ಎಂಬುದು ಅಪ್ಪ ಅಮ್ಮನ ವಾದ. ಎರಡು ಕಡೆಯಲ್ಲೂ ನ್ಯಾಯವಿದೆ. ಜಗಳ ಮಾತ್ರ ಸಾಮಾನ್ಯವಾಗಿ ಒಂದೇ ಪ್ರಶ್ನೆಗೆ ಬಂದು ನಿಲ್ಲುತ್ತದೆ: ಅದರ ಬಿಡಿಭಾಗ ಈಗ ಎಲ್ಲಿ ಸಿಗುತ್ತದೆ? ಈ ವಾರ ಅದನ್ನೇ ನೋಡೋಣ.

ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಎಂಬ ಕಾರಿನ ಮೂರನೆಯ ಅವತಾರವನ್ನು ಆಧರಿಸಿ ಪಶ್ಚಿಮ ಬಂಗಾಳದ ಉತ್ತರಪಾಡಾದಲ್ಲಿ ಹಿಂದೂಸ್ತಾನ್ ಮೋಟಾರ್ಸ್ ಕಂಪನಿ ಅಂಬಾಸಿಡರನ್ನು ತಯಾರಿಸತೊಡಗಿದ್ದು 1957ರ ಸುಮಾರಿಗೆ. ಕಾರ್ಖಾನೆ ಕೆಲಸ ನಿಲ್ಲಿಸಿದ್ದು 2014ರ ಮೇ ತಿಂಗಳಲ್ಲಿ. ಐವತ್ತಕ್ಕೂ ಹೆಚ್ಚು ವರ್ಷ ಮೈಕಟ್ಟು ಹೆಚ್ಚೇನೂ ಬದಲಾಗದೆ ಬಂದ ಕಾರು ಇದು. ಸರ್ಕಾರಿ ಕಚೇರಿಗಳೂ ಟ್ಯಾಕ್ಸಿಯವರೂ ಸಾಲುಸಾಲಾಗಿ ಕೊಂಡಿದ್ದರಿಂದ ಸಣ್ಣಪುಟ್ಟ ಊರಿನ ಅಂಗಡಿಯಲ್ಲೂ ಅದರ ಬುಷ್ಷು, ಪ್ಯಾಕಿಂಗು, ಕ್ಲಚ್ ಪ್ಲೇಟು ಸಿಗುತ್ತಿದ್ದವು. ಬಿಡಿಭಾಗಗಳನ್ನು ಬದುಕಿಸಿದ್ದು ನಿಮ್ಮ ನಮ್ಮಂಥ ಮನೆಯವರಲ್ಲ, ದಿನಕ್ಕೆ ನೂರಾರು ಮೈಲಿ ಓಡಿಸಿ ಸವೆಸುತ್ತಿದ್ದ ಟ್ಯಾಕ್ಸಿಯವರು. ಮುಂಬಯಿಯ ಪ್ರೀಮಿಯರ್ ಪದ್ಮಿನಿಗೂ, ಅಂದರೆ ನಮ್ಮ ಜನ ಕೊನೆಯವರೆಗೂ ಫಿಯೆಟ್ ಎಂದೇ ಕರೆದ ಕಾರಿಗೂ, ಇದೇ ಮಾತು ಅನ್ವಯಿಸುತ್ತದೆ. ಅಲ್ಲಿ 2003ರ ಅಕ್ಟೋಬರಿನಲ್ಲಿ ನೋಂದಣಿಯಾದ ಕೊನೆಯ ಪದ್ಮಿನಿ ಟ್ಯಾಕ್ಸಿಗೆ ಇಪ್ಪತ್ತು ವರ್ಷದ ಮಿತಿ ತುಂಬಿ 2023ರ ಅಕ್ಟೋಬರಿನಲ್ಲಿ ಅದು ರಸ್ತೆಯಿಂದ ಸರಿಯಿತು. ಕೊಲ್ಕತ್ತಾದ ಹಳದಿ ಅಂಬಾಸಿಡರುಗಳೂ ಹದಿನೈದು ವರ್ಷದ ಮಿತಿಗೆ ಸಿಕ್ಕಿ ವರ್ಷವರ್ಷವೂ ಕರಗುತ್ತ ಬಂದಿವೆ. ಟ್ಯಾಕ್ಸಿ ಹೋದ ಮೇಲೆ ಅಂಗಡಿಯವನು ಹೊಸ ಸರಕು ತರಿಸುವುದಿಲ್ಲ, ಇದ್ದುದನ್ನು ಮಾರಿ ಮುಗಿಸುತ್ತಾನೆ. ಆದ್ದರಿಂದ ಮನೆಯಲ್ಲಿ ತೀರ್ಮಾನ ಆಗಬೇಕಿದ್ದರೆ ಬೇಗ ಆಗಲಿ.

ಅಂಗಡಿಗೆ ಹೋಗುವ ಮುಂಚೆ ಬಾನೆಟ್ ಎತ್ತಿ ಯಾವ ಇಂಜಿನ್ ಇದೆ ಎಂಬುದನ್ನು ತಿಳಿದುಕೊಳ್ಳಬೇಕು. ಹಳೆಯ ಪೆಟ್ರೋಲ್ ಗಾಡಿಯಾದರೆ ಬಹುಮಟ್ಟಿಗೆ 1489 ಸಿಸಿಯ ಬ್ರಿಟಿಷ್ ಮೂಲದ ‘ಬಿ ಸೀರೀಸ್’ ಇಂಜಿನ್. ಇದೇ ಬಳಗದ ಇಂಜಿನ್ನನ್ನು ಇಂಗ್ಲೆಂಡಿನಲ್ಲಿ ಎಂಜಿಎ ಎಂಬ ಸ್ಪೋರ್ಟ್ಸ್ ಕಾರಿಗೂ ಆಸ್ಟಿನ್ ಕೇಂಬ್ರಿಡ್ಜಿಗೂ ಹಾಕುತ್ತಿದ್ದರು. ಆ ಕಾರುಗಳನ್ನು ಮುದ್ದಿನಿಂದ ಸಾಕುವವರು ಅಲ್ಲಿ ಇನ್ನೂ ಬಹಳ ಮಂದಿ ಇರುವುದರಿಂದ ಹಲವು ಭಾಗಗಳು ಇಂದಿಗೂ ಹೊಸದಾಗಿ ತಯಾರಾಗುತ್ತವೆ. ದುಬಾರಿ ನಿಜ, ಆದರೆ ದಾರಿ ಮುಚ್ಚಿಲ್ಲ. ತೊಂಬತ್ತರ ದಶಕದಲ್ಲಿ ಬಂದ 1817 ಸಿಸಿಯ ಇಸುಜು ಇಂಜಿನ್ನಿನ ಗಾಡಿಯಾದರೆ ಅದರ ದಾಯಾದಿ ಕಾಂಟೆಸ್ಸಾ. ಅಲ್ಲಿಯೂ ಇದೇ ಇಂಜಿನ್ ಇತ್ತು. ಅಂದರೆ ‘ಅಂಬಾಸಿಡರಿನದು ಇಲ್ಲ’ ಎಂದ ಅಂಗಡಿಯಲ್ಲಿ ‘ಕಾಂಟೆಸ್ಸಾದ್ದು ಇದೆಯೇ’ ಎಂದು ಕೇಳಬಹುದು. ಡೀಸೆಲ್ ಆಗಿದ್ದರೆ ಇನ್ನೊಂದು ಸಂಗತಿ ನೋಡಿ. ಪೆಟ್ರೋಲ್ ತುಟ್ಟಿಯಾದಾಗ ಇಂಜಿನ್ ಬದಲಿಸಿಕೊಂಡವರು ನಮ್ಮಲ್ಲಿ ಕಡಿಮೆಯೇನಲ್ಲ. ಇಂಜಿನ್ನಿನ ಮೇಲಿನ ನಂಬರ್ ಆರ್‌ಸಿ ಪುಸ್ತಕದ ನಂಬರಿಗೆ ಹೊಂದದಿದ್ದರೆ ಮೊದಲು ಆ ಕಾಗದದ ಕೆಲಸ, ಆಮೇಲೆ ಸ್ಪಾನರಿನ ಕೆಲಸ.

ಈಗ ಬೋಲ್ಟಿನ ವಿಚಾರ. ಹಳೆಯ ಅಂಬಾಸಿಡರುಗಳು ಹಾಳಾಗುವುದು ಇಲ್ಲಿಯೇ. ನಮ್ಮ ದೇಶ ಮೆಟ್ರಿಕ್ ಪದ್ಧತಿಗೆ ಕಾಯ್ದೆ ಮಾಡಿದ್ದು 1956ರಲ್ಲಿ. ಅದಾದ ಮೇಲೆ ಬಂದ ಈ ಕಾರು ಮಾತ್ರ ಇಂಗ್ಲೆಂಡಿನ ಅಂಗುಲದ ಲೆಕ್ಕವನ್ನೇ ಹೊತ್ತು ಬಂತು. ಅದರಲ್ಲಿ ಹೆಚ್ಚಾಗಿ ಕಾಣುವ ಬೋಲ್ಟುಗಳಲ್ಲೊಂದು 5/16 ಅಂಗುಲದ್ದು, ಯುಎನ್‌ಎಫ್ ಎಂಬ ನಯವಾದ ಥ್ರೆಡ್ಡಿನದು. ಅದರ ದಪ್ಪ 7.94 ಮಿಲಿಮೀಟರ್. ಇಂದು ಯಾವ ಹಾರ್ಡ್‌ವೇರ್ ಅಂಗಡಿಯಲ್ಲೂ ಸಿಗುವ ಎಂ8 ಬೋಲ್ಟಿನ ದಪ್ಪ 8 ಮಿಲಿಮೀಟರ್. ಕಣ್ಣಿಗೆ ಎರಡೂ ಒಂದೇ. ಆದರೆ ಯುಎನ್‌ಎಫ್‌ನಲ್ಲಿ ಅಂಗುಲಕ್ಕೆ 24 ಸುತ್ತು, ಅಂದರೆ ಒಂದು ಸುತ್ತಿಗೆ ಸುಮಾರು 1.06 ಮಿಲಿಮೀಟರ್, ಎಂ8ರಲ್ಲಿ ಸುತ್ತಿಗೆ 1.25 ಮಿಲಿಮೀಟರ್. ಹೀಗಾಗಿ ಎಂ8 ಬೋಲ್ಟು ಹಳೆಯ ತೂತಿನಲ್ಲಿ ಒಂದೆರಡು ಸುತ್ತು ಹೋಗಿ ಬಿಗಿಯುತ್ತದೆ. ‘ತುಕ್ಕು ಹಿಡಿದಿರಬೇಕು’ ಎಂದುಕೊಂಡು ಉದ್ದ ಸ್ಪಾನರ್ ಹಾಕಿ ತಿರುಗಿಸಿದರೆ ಒಳಗಿನ ಥ್ರೆಡ್ ಸ್ಲಿಪ್ಪಾಯಿತೆಂದೇ ತಿಳಿಯಿರಿ. ಒಂದು ಬೋಲ್ಟಿನ ಉಳಿತಾಯಕ್ಕೆ ಇಂಜಿನ್ ಬ್ಲಾಕನ್ನೇ ಟರ್ನರ್ ಬಳಿಗೆ ಹೊರಬೇಕಾಗುತ್ತದೆ.

ಸ್ಪಾನರಿಗೂ ಅದೇ ಗತಿ. 5/16 ಬೋಲ್ಟಿನ ತಲೆ ಅರ್ಧ ಅಂಗುಲ, 12.7 ಮಿಲಿಮೀಟರ್. 13ರ ಸ್ಪಾನರ್ ಅದರ ಮೇಲೆ ಕೂರುವಂತೆ ಕಾಣುತ್ತದೆ, ಬಲ ಹಾಕಿದೊಡನೆ ಮೂಲೆಗಳನ್ನು ಸವರಿ ತಲೆಯನ್ನು ಗುಂಡಗೆ ಮಾಡುತ್ತದೆ. 7/16, 1/2, 9/16 ಈ ಮೂರು ಅಳತೆಯ ಒಳ್ಳೆಯ ರಿಂಗ್ ಸ್ಪಾನರುಗಳಿದ್ದರೆ ಹಳೆಯ ಅಂಬಾಸಿಡರಿನ ಬಹಳಷ್ಟು ಕೆಲಸ ನಡೆಯುತ್ತದೆ. ಇಸುಜು ಗಾಡಿಯಲ್ಲಿ ಇನ್ನೊಂದು ತಮಾಷೆ: ಇಂಜಿನ್ ಮಿಲಿಮೀಟರಿನದು, ಒಡಲು ಬಹುಮಟ್ಟಿಗೆ ಅಂಗುಲದ್ದು. ಎರಡು ಸೆಟ್ಟೂ ಬೇಕು.

ಪಿಯುಸಿ ಲ್ಯಾಬಿನಲ್ಲಿ ವರ್ನಿಯರ್ ಕ್ಯಾಲಿಪರ್ ಹಿಡಿದು ಲೋಹದ ಗುಂಡಿನ ವ್ಯಾಸ ಅಳೆದ ವಿದ್ಯಾರ್ಥಿಗಳಿಗೆ ಅದು ಯಾವ ಕೆಲಸಕ್ಕೆ ಬರುತ್ತದೆಂದು ತಿಳಿಯುವ ಜಾಗ ಇದು. ವರ್ನಿಯರ್, ಥ್ರೆಡ್ ಎಣಿಸುವ ಪಿಚ್ ಗೇಜ್, ಒಂದು ನೋಟ್ ಪುಸ್ತಕ ಇವಿಷ್ಟಿದ್ದರೆ ಅರ್ಧ ಬಿಡಿಭಾಗಗಳು ಕಾರಿನ ಹೆಸರನ್ನೇ ಹೇಳದೆ ಸಿಗುತ್ತವೆ. ಬೇರಿಂಗಿನ ಅಂಚಿನ ಮೇಲೆ ಕೊರೆದ ನಂಬರ್ ಓದಿ. 6205 ಎಂದಿದ್ದರೆ ಕೊನೆಯ ಎರಡಂಕಿಯನ್ನು ಐದರಿಂದ ಗುಣಿಸಿ. ಒಳವ್ಯಾಸ 25 ಮಿಲಿಮೀಟರ್. (ಈ ಲೆಕ್ಕ 04ರಿಂದ ಮೇಲಕ್ಕೆ ನಡೆಯುತ್ತದೆ, 6203ರ ಒಳವ್ಯಾಸ 15 ಅಲ್ಲ, 17.) ನಂಬರ್ ಒಂದಿದ್ದರೆ ಪಂಪ್‌ಸೆಟ್ಟಿನ ಬೇರಿಂಗ್ ಮಾರುವವನೂ ಅದನ್ನು ಕೊಡುತ್ತಾನೆ. ಆಯಿಲ್ ಸೀಲಿಗೆ ಒಳವ್ಯಾಸ, ಹೊರವ್ಯಾಸ, ದಪ್ಪ ಎಂಬ ಮೂರು ಅಳತೆ ಸಾಕು. ‘ಅಂಬಾಸಿಡರಿನದು ಕೊಡಿ’ ಎಂದರೆ ತಲೆ ಆಡಿಸುವವನು ‘35, 52, 10’ ಎಂದರೆ ಡಬ್ಬಿ ತೆಗೆಯುತ್ತಾನೆ.

ಇಷ್ಟಕ್ಕೂ ಸಿಗದಿದ್ದರೆ ಬೆಂಗಳೂರಿನವರು ಮೊದಲು ಹೋಗುವುದು ಜೆ.ಸಿ. ರಸ್ತೆಗೆ, ಅಲ್ಲಿಂದ ಕಲಾಸಿಪಾಳ್ಯಕ್ಕೆ, ಹಳೆಯದಾದರೂ ಸರಿ ಎನ್ನುವವರು ಶಿವಾಜಿನಗರದ ಗುಜರಿಗೆ. ಚೆನ್ನೈಯಲ್ಲಿ ಪುದುಪೇಟೆ, ದಿಲ್ಲಿಯಲ್ಲಿ ಕಾಶ್ಮೀರಿ ಗೇಟ್, ಅಂಬಾಸಿಡರಿನ ತವರಾದ ಕೊಲ್ಕತ್ತಾದಲ್ಲಿ ಮಲ್ಲಿಕ್ ಬಜಾರ್. ಹಳೆಯ ಭಾಗವನ್ನು ಬಿಚ್ಚಿ ಕೈಯಲ್ಲಿ ಹಿಡಿದೇ ಹೋಗಿ. ಬಾಯಲ್ಲಿ ವರ್ಣಿಸಿದರೆ ನಿಮಗೆ ಬೇಕಾದುದರ ಬದಲು ಅವರಲ್ಲಿ ಇರುವುದು ನಿಮ್ಮ ಪಾಲಿಗೆ ಬರುತ್ತದೆ. ಪೀಣ್ಯದಂಥ ಕೈಗಾರಿಕಾ ಪ್ರದೇಶದ ಲೇತಿನವರು ಮಾದರಿ ಕೊಟ್ಟರೆ ಗನ್‌ಮೆಟಲ್ ಬುಷ್ಷು, ಪಿನ್ನುಗಳನ್ನು ಚೆನ್ನಾಗಿಯೇ ಮಾಡಿಕೊಡುತ್ತಾರೆ. ಆದರೆ ಬ್ರೇಕಿನ ಮತ್ತು ಸ್ಟಿಯರಿಂಗಿನ ಭಾಗಗಳನ್ನು ಗುಜರಿಯಲ್ಲೂ ಕೊಳ್ಳಬೇಡಿ, ಲೇತಿನಲ್ಲೂ ಮಾಡಿಸಬೇಡಿ. ಅವು ಹೊಸದಾಗಿ, ಮೊಹರು ಒಡೆಯದ ಡಬ್ಬಿಯಲ್ಲಿ ಸಿಗುವವರೆಗೆ ಕಾರು ಶೆಡ್ಡಿನಲ್ಲೇ ಇರಲಿ. ಈ ವಿಷಯದಲ್ಲಿ ತಂದೆ ತಾಯಿಯರು ಹಟ ಹಿಡಿದರೆ ನನ್ನ ಓಟು ಅವರಿಗೇ.

ಲೋಹದ ಭಾಗ ಕಂಡರೆ ಒಂದಕ್ಕೆರಡು ಕೊಂಡು ಎಣ್ಣೆ ಸವರಿ ಇಟ್ಟುಕೊಳ್ಳಬಹುದು. ರಬ್ಬರನ್ನು ಹಾಗೆ ಕೂಡಿಡುವಂತಿಲ್ಲ. ಅದು ಡಬ್ಬಿಯೊಳಗೇ ಮುದಿಯಾಗುತ್ತದೆ. ವ್ಹೀಲ್ ಸಿಲಿಂಡರಿನ ವಾಷರ್ ಕಿಟ್ಟು ಇಪ್ಪತ್ತು ವರ್ಷ ಹಳೆಯದಾದರೆ ಪುಕ್ಕಟೆ ಕೊಟ್ಟರೂ ಬೇಡ. ಬ್ರೇಕ್ ಆಯಿಲಿನ ಬದಲು ಇಂಜಿನ್ ಆಯಿಲ್ ಹಾಕಿದರಂತೂ ಆ ರಬ್ಬರ್ ಊದಿಕೊಂಡು ಬ್ರೇಕೇ ಕೈಕೊಡುತ್ತದೆ. ಡ್ರಮ್ ಬಿಚ್ಚಿದಾಗ ಒಳಗಿನ ಧೂಳನ್ನು ಬಾಯಿಂದ ಊದುವ ಅಭ್ಯಾಸ ಗ್ಯಾರೇಜುಗಳಲ್ಲಿದೆ. ಹಳೆಯ ಲೈನಿಂಗಿನಲ್ಲಿ ಕಲ್ನಾರು ಇರುವ ಸಾಧ್ಯತೆ ಇರುವುದರಿಂದ ಒದ್ದೆ ಬಟ್ಟೆಯಲ್ಲಿ ಒರೆಸಿ ಬಟ್ಟೆಯನ್ನು ಎಸೆಯಿರಿ.

ಪೆಟ್ರೋಲಿನ ಕಥೆಯನ್ನೂ ಹೇಳಬೇಕು. ಈ ಇಂಜಿನ್ ಹುಟ್ಟಿದ್ದು ಸೀಸ ಬೆರೆತ ಪೆಟ್ರೋಲಿನ ಕಾಲದಲ್ಲಿ. 2000ದ ಫೆಬ್ರವರಿಯಿಂದ ದೇಶದಾದ್ಯಂತ ಸೀಸರಹಿತ ಪೆಟ್ರೋಲ್ ಬಂತು. ನಮ್ಮ ಶ್ವಾಸಕೋಶಕ್ಕೂ ಮಕ್ಕಳ ಮಿದುಳಿಗೂ ಒಳ್ಳೆಯದೇ ಆಯಿತು. ಆದರೆ ಸೀಸದ ತೆಳು ಲೇಪದಿಂದ ರಕ್ಷಣೆ ಪಡೆಯುತ್ತಿದ್ದ ಹಳೆಯ ವಾಲ್ವ್ ಸೀಟುಗಳು ಸವೆಯತೊಡಗಿದವು. ಹೆಡ್ ಬಿಚ್ಚುವ ಸಂದರ್ಭ ಬಂದಾಗ ಗಟ್ಟಿ ಸೀಟುಗಳನ್ನು ಕೂರಿಸಿಬಿಡುವುದು ಲೇಸು. 2025ರ ಹೊತ್ತಿಗೆ ಪೆಟ್ರೋಲಿನಲ್ಲಿ ಎಥನಾಲಿನ ಪಾಲು ಶೇಕಡ 20ಕ್ಕೆ ಮುಟ್ಟಿತು. ಎಥನಾಲ್ ನೀರನ್ನು ಎಳೆದುಕೊಳ್ಳುತ್ತದೆ, ಹಳೆಯ ರಬ್ಬರ್ ಪೈಪುಗಳನ್ನೂ ಪೆಟ್ರೋಲ್ ಪಂಪಿನ ಡಯಾಫ್ರಮ್ಮನ್ನೂ ಮೆತ್ತಗಾಗಿಸುತ್ತದೆ, ಟ್ಯಾಂಕಿನ ತಳದಲ್ಲಿ ಅಂಟಿ ಕೂತಿದ್ದ ಗಸಿಯನ್ನು ಎಬ್ಬಿಸಿ ಕಾರ್ಬ್ಯುರೇಟರಿಗೆ ಕಳಿಸುತ್ತದೆ. ಬಿಸಿ ಇಂಜಿನ್ನಿನ ಪಕ್ಕದಲ್ಲಿ ಪೆಟ್ರೋಲ್ ಜಿನುಗುವುದು ಸಣ್ಣ ವಿಷಯವಲ್ಲ. ಆದ್ದರಿಂದ ಮೊದಲ ಖರ್ಚು ಬಣ್ಣಕ್ಕಾಗಲಿ ಸೀಟಿನ ಕವರಿಗಾಗಲಿ ಬೇಡ. ಪೆಟ್ರೋಲ್ ಪೈಪುಗಳನ್ನು ಎಥನಾಲ್ ತಾಳುವ ಬಗೆಗೆ ಬದಲಿಸಿ. ಪೈಪಿನ ಮೇಲೆ ‘ಜೆ30 ಆರ್9’ ಎಂಬ ಗುರುತಿದ್ದರೆ ಒಳ್ಳೆಯದು.

ಸರ್ಕಾರದ ಲೆಕ್ಕ ಚಿಕ್ಕದು. ಹದಿನೈದು ವರ್ಷ ದಾಟಿದ ಖಾಸಗಿ ಕಾರಿನ ನೋಂದಣಿಯನ್ನು ಐದೈದು ವರ್ಷಕ್ಕೆ ನವೀಕರಿಸಬೇಕು. ಇದರ ಶುಲ್ಕ 2022ರ ಏಪ್ರಿಲಿನಲ್ಲಿ 600 ರೂಪಾಯಿಯಿಂದ 5,000ಕ್ಕೆ ಏರಿತು. ಇಪ್ಪತ್ತು ವರ್ಷ ದಾಟಿದ ಕಾರುಗಳಿಗೆ 2025ರ ಆಗಸ್ಟಿನಲ್ಲಿ 10,000ಕ್ಕೆ. ಐವತ್ತು ವರ್ಷ ದಾಟಿದ, ಮೂಲರೂಪ ಕೆಡದ ಕಾರನ್ನು 2021ರ ನಿಯಮದಂತೆ ವಿಂಟೇಜ್ ಎಂದು ನೋಂದಾಯಿಸಬಹುದು. ಆದರೆ ಅದರಲ್ಲಿ ದಿನವೂ ಕಾಲೇಜಿಗೆ ಹೋಗಿಬರುವಂತಿಲ್ಲ. ಅಪ್ಪ ಅಮ್ಮ ಕಾರಿನ ಬೆಲೆ ಕಟ್ಟುವಾಗ ಈ ಬಾಬ್ತನ್ನೂ ಸೇರಿಸಿಕೊಳ್ಳಲಿ. ತಳದ ತಗಡು ತುಕ್ಕು ತಿಂದು ತೂತು ಬಿದ್ದು, ಕಾಗದಪತ್ರವೂ ಇಲ್ಲದಿದ್ದರೆ ಗುಜರಿಯ ಪಕ್ಷವೇ ಗೆಲ್ಲಲಿ. ಆ ಕಾರಿನ ಭಾಗಗಳಿಂದ ಇನ್ನೆರಡು ಕಾರು ಓಡಿಯಾವು.

ಉಳಿಸಿಕೊಳ್ಳುವುದೆಂದು ತೀರ್ಮಾನವಾದರೆ ಹೊಸ ಬ್ಯಾಟರಿ ತಂದು ಕೂಡಲೇ ಕೀಲಿ ತಿರುಗಿಸಬೇಡಿ. ವರ್ಷಗಟ್ಟಲೆ ನಿಂತ ಪೆಟ್ರೋಲ್ ಇಂಜಿನ್ನಿನ ಸಿಲಿಂಡರ್ ಒಣಗಿರುತ್ತದೆ. ನಾಲ್ಕೂ ಸ್ಪಾರ್ಕ್ ಪ್ಲಗ್ಗುಗಳನ್ನು ತೆಗೆದು, ಒಂದೊಂದು ತೂತಿಗೆ ಒಂದೆರಡು ಚಮಚ ಇಂಜಿನ್ ಆಯಿಲ್ ಬಿಟ್ಟು ಎರಡು ದಿನ ಬಿಡಿ. ಆಮೇಲೆ ಗೇರ್ ನ್ಯೂಟ್ರಲ್‌ಗೆ ತಂದು, ಪ್ಲಗ್ಗುಗಳನ್ನು ಹೊರಗಿಟ್ಟುಕೊಂಡೇ, ಡಿಕ್ಕಿಯಲ್ಲಿ ಬಿದ್ದಿರುವ ಹಳೆಯ ಹ್ಯಾಂಡಲನ್ನು ಮುಂದಿನ ತೂತಿಗೆ ಹಾಕಿ ಮೆಲ್ಲಗೆ ತಿರುಗಿಸಿ. ಹೆಬ್ಬೆರಳನ್ನು ಹ್ಯಾಂಡಲಿನ ಸುತ್ತ ಸುತ್ತದೆ ಉಳಿದ ಬೆರಳುಗಳ ಕಡೆಗೇ ಇಟ್ಟುಕೊಳ್ಳುವುದನ್ನು ಈಗಲೇ ರೂಢಿಸಿಕೊಳ್ಳಿ. ಮುಂದೆ ಪ್ಲಗ್ ಹಾಕಿ ತಿರುಗಿಸುವ ದಿನ ಇಂಜಿನ್ ಹಿಂದಕ್ಕೆ ಒದ್ದರೂ ಕೈ ಮುರಿಯದು.